ಬಾಗಿಲ ಸಂದಿನ ಬೆಳಕು

ಬೀರುವಿನ ಬಾಗಿಲು ತೆರೆದದ್ದೇ ತಡ, ಒಳಗೆ ಅಂಟಿಸಿದ್ದ ಎಲ್‌ಇಡಿ ಬೆಳಕಿನ ಪಟ್ಟಿ ಮೇಲಿನಿಂದ ಕಳಚಿಕೊಂಡು ಪತ್ತೇದಾರಕ್ಕನ ಹೆಗಲಿಗೆ ಬಂದು ಬಿತ್ತು.

ಬಿದ್ದರೂ ಉರಿಯುತ್ತಲೇ ಇತ್ತು. ಬಿಳಿ ಬೆಳಕು ಗಲ್ಲದ ಕೆಳಗಿನಿಂದ ಮೇಲಕ್ಕೆ ಹೊಡೆದು, ಬಾಗಿಲ ಕನ್ನಡಿಯಲ್ಲಿ ಅವಳ ಮುಖ ಅವಳಿಗೇ ದೆವ್ವದಂತೆ ಕಂಡಿತು.

“ರೀ, ಬನ್ನಿ ಇಲ್ಲಿ! ನನ್ನ ತಮ್ಮನ ಕೈಗುಣ ನೋಡಿ ಬನ್ನಿ.”

ಗಂಡ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಂದ. “ಪಾಪ, ಅವನು ಲಾಕಪ್ಪಲ್ಲಿ ಕೂತಿದ್ದಾನೆ. ಈಗ್ಲೂ ಬೈಬೇಕೇನೇ ಅವನನ್ನ?”

“ಬೈತಾ ಇಲ್ಲ. ಮುಟ್ಬೇಡಿ! ಹಾಗೇ ನಿಂತ್ಕೊಳ್ಳಿ.”

ಬೈಯುವ ಮನಸ್ಸು ಅವಳಿಗೆ ನಿಜವಾಗಿಯೂ ಇರಲಿಲ್ಲ. ಇಡೀ ಬೀದಿ ದೊಡ್ಡಮ್ಮ ಎಂದು ಕರೆಯುವ ಹೆಂಗಸು ತಮ್ಮದೇ ಮನೆಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದುಕೊಂಡು ಬಿದ್ದಿದ್ದರು, ಅವರ ಮುತ್ತಿನ ಸರ ಕಾಣೆಯಾಗಿತ್ತು, ಅಂದು ಅವರ ವಾರ್ಡ್‌ರೋಬಿಗೆ ಎಲ್‌ಇಡಿ ಪಟ್ಟಿ ಕೂರಿಸಿದ ಎಲೆಕ್ಟ್ರಿಷಿಯನ್ ತಮ್ಮ ಈಗ ಪೊಲೀಸರ ವಶದಲ್ಲಿದ್ದ. ದೊಡ್ಡಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಿಡದೇ ಹೋದರೆ ತಮ್ಮನ ಮೇಲಿನ ಕೇಸು ಕಳ್ಳತನದಲ್ಲಿ ನಿಲ್ಲುವುದಿಲ್ಲ, ಕೊಲೆಗೆ ಹೋಗುತ್ತದೆ.

ಅವಳು ಪಟ್ಟಿಯ ಬೆನ್ನನ್ನು ಕಿಟಕಿಯ ಕಡೆ ತಿರುಗಿಸಿದಳು. ಅಂಟು ಇರುವ ಮಗ್ಗುಲು. ಹೊಸ ಪಟ್ಟಿಯಾದರೆ ಅಂಟು ಚೊಕ್ಕಟವಾಗಿರಬೇಕು. ಇದರಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಚಕ್ಕೆಗಳು ಕೂತಿದ್ದವು. ಒಂದು ಮಾತ್ರ ಉಗುರಿನಷ್ಟು ದೊಡ್ಡದು.

“ರೀ, ನಮ್ಮ ಬೀರು ಯಾವ ಬಣ್ಣ?”

“ಬೂದು. ಯಾಕೆ, ಕಣ್ಣು ಮಂಜಾಯ್ತಾ?”

“ಕಬ್ಬಿಣದ್ದು, ಬೂದು ಬಣ್ಣದ್ದು. ಅದರಿಂದ ಕಂದು ಪಾಲಿಶ್ ಎದ್ದು ಬರತ್ತಾ?”

ಗಂಡ ಬ್ರಷ್ಷನ್ನು ಬಾಯಿಂದ ತೆಗೆದ.

“ಇನ್ನೊಂದು,” ಎಂದಳು ಅವಳು. “ಇದು ಕೆಳಗಿನ ಅರೆವರೆಗೆ ಬರಲ್ಲ, ಮೊಣಕಾಲಿಗೇ ನಿಂತುಹೋಗತ್ತೆ. ಮೊನ್ನೆಯಿಂದ ಕಾಲುಚೀಲ ಹುಡುಕೋಕೆ ಟಾರ್ಚ್ ಹಿಡಿಬೇಕು. ಬೀರುವಿನ ಅಳತೆ ತಗೊಂಡು ಕತ್ತರಿಸಿದ್ರೆ ಹೀಗಾಗ್ತಿತ್ತಾ? ಇದನ್ನ ಬೇರೆ ಯಾವುದೋ ಕಪಾಟಿಗೆ ಅಂತ ಕತ್ತರಿಸಿದ್ದಾನೆ. ಅಲ್ಲಿ ಅಂಟಿಸಿ, ಕಿತ್ತು, ತಂದು ನಮ್ಮನೇಲಿ ಹಾಕಿದ್ದಾನೆ.”

“ಹೊಸಾದು, ಅಕ್ಕನ ಹುಟ್ಟಿದ ಹಬ್ಬಕ್ಕೆ ಉಡುಗೊರೆ ಅಂದಿದ್ನಲ್ಲೇ?”

“ಅಂದಿದ್ದ.”

ಅದನ್ನು ಅವನು ಅಂಟಿಸಿ ಹೋದದ್ದು ದೊಡ್ಡಮ್ಮ ಬಿದ್ದ ದಿನವೇ. ನೇರ ಅವರ ಮನೆಯಿಂದ ಬಂದಿದ್ದ. ದೊಡ್ಡಮ್ಮ ಬಿದ್ದ ಹೊತ್ತಿನಲ್ಲಿ ಅವನು ತನ್ನ ಕಣ್ಣೆದುರಿಗೇ ಇದ್ದನೆಂದು ಅವಳು ಹೇಳಿದ್ದಳು. ಒಡಹುಟ್ಟಿದವಳ ಮಾತನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ಅವಳು ಪಟ್ಟಿಯನ್ನು ಕೀಳಲಿಲ್ಲ. ಅರ್ಧ ನೇತಾಡುತ್ತಿದ್ದುದನ್ನು ಹಾಗೆಯೇ ಬಿಟ್ಟು ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದಳು. ಅವನು ಒಂದು ಕಾಲದಲ್ಲಿ ಇವಳ ಕೈಕೆಳಗೆ ಕೆಲಸ ಕಲಿತವನು. ಇವಳು ಪೊಲೀಸ್ ಕೆಲಸ ಬಿಟ್ಟು ಖಾಸಗಿಯಾಗಿ ತನಿಖೆ ಮಾಡಲು ಶುರುಮಾಡಿದ ಮೇಲೂ ‘ಮೇಡಂ’ ಎನ್ನುವುದನ್ನು ಬಿಟ್ಟಿರಲಿಲ್ಲ.

“ನಮ್ಮನೆ ಬೀರುವಿನಲ್ಲಿ ಒಂದು ಸಾಕ್ಷಿ ಇದೆ. ನಾನು ಮುಟ್ಟಲ್ಲ. ನೀವೇ ಬಂದು, ನಿಮ್ಮ ಕೈಯಾರೆ ಕಿತ್ತು, ಚೀಲಕ್ಕೆ ಹಾಕ್ಕೊಳ್ಳಿ.”

“ಏನು ಮೇಡಂ ಅದು?”

“ಲೈಟು.”

“ಬರ್ತೀನಿ ಮೇಡಂ,” ಎಂದ. ದನಿಯಲ್ಲಿ ಗೌರವಕ್ಕಿಂತ ಕನಿಕರವೇ ಹೆಚ್ಚಿತ್ತು.

*

ಲಾಕಪ್ಪಿನ ಸರಳಿನ ಹಿಂದೆ ಕೂತಿದ್ದ ತಮ್ಮ ಅಕ್ಕನನ್ನು ಕಂಡು ಎದ್ದು ನಿಂತ. ಗಡ್ಡ ಬಂದಿತ್ತು, ಕಣ್ಣು ಒಳಗೆ ಹೋಗಿತ್ತು. ಅಕ್ಕನ ಪಕ್ಕದಲ್ಲಿ ಇನ್ಸ್‌ಪೆಕ್ಟರ್, ಇನ್ಸ್‌ಪೆಕ್ಟರನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಸುರುಳಿ ಸುತ್ತಿದ ಬೆಳಕಿನ ಪಟ್ಟಿ. ಅದನ್ನು ನೋಡಿದ್ದೇ ಅವನ ಮುಖ ಹುಳ್ಳಗಾಯಿತು.

“ಇದು ಎಲ್ಲಿಂದ ಕಿತ್ತಿದ್ದೋ?”

“ಅಕ್ಕಾ… ಅದು ಹೊಸಾದೇ ಕಣೇ. ಅಂದ್ರೆ, ಹೊಸಾದು ಅಂತಾನೇ ಹೇಳ್ಬಹುದು.”

“ಕೊಲೆ ಕೇಸು ಆಗೋ ಹಾಗಿದೆ. ಈಗ್ಲೂ ಉಡುಗೊರೆ ಮರ್ಯಾದೆ ಕಾಪಾಡ್ತೀಯಾ?”

ತಮ್ಮ ತಲೆ ತಗ್ಗಿಸಿದ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟ. ಅಂದು ಬೆಳಿಗ್ಗೆ ದೊಡ್ಡಮ್ಮನ ವಾರ್ಡ್‌ರೋಬಿಗೆ ಮೊದಲು ಅಂಟಿಸಿದ್ದು ಈ ಬಿಳಿ ಪಟ್ಟಿಯನ್ನೇ. ಯಾವ ಬಣ್ಣ ಬೇಕೆಂದು ಕೇಳಿರಲಿಲ್ಲ. ಉರಿಸಿ ತೋರಿಸಿದಾಗ ದೊಡ್ಡಮ್ಮ ಎರಡೂ ಕೈ ಕಣ್ಣಿಗೆ ಅಡ್ಡ ಹಿಡಿದುಕೊಂಡರು. ‘ಏನಪ್ಪಾ ಇದು, ಆಪರೇಷನ್ ಥಿಯೇಟರಾ? ನನ್ನ ಬಟ್ಟೆಗೆಲ್ಲಾ ಕಾಯಿಲೆ ಬಂದ ಹಾಗೆ ಕಾಣತ್ತೆ. ತೆಗಿ, ತೆಗಿ’ ಎಂದರು. ಅವನು ಆಗಲೇ ಕಿತ್ತು ಸುತ್ತಿ ಚೀಲಕ್ಕೆ ಹಾಕಿಕೊಂಡು, ಅಂಗಡಿಗೆ ಹೋಗಿ ಹಳದಿ ಬೆಳಕಿನ ಪಟ್ಟಿ ತಂದು ಕೂರಿಸಿದ. ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಬಿಳಿಯದು ಆ ಮನೆಯಲ್ಲಿ ಇರಲೇ ಇಲ್ಲ.

“ಒಂದು ಸಲ ಕಿತ್ತ ಪಟ್ಟೀನ ಗಿರಾಕಿಗೆ ಹಾಕೋಕಾಗಲ್ಲ, ಅಂಟು ನಿಲ್ಲಲ್ಲ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನೀನೂ ಬೀರುಗೆ ಲೈಟು, ಬೀರುಗೆ ಲೈಟು ಅಂತ ವರ್ಷದಿಂದ ಪ್ರಾಣ ತಿಂತಾ ಇದ್ದೆ…”

“ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ. ಹೇಳಿದ್ರೆ ಇವರು ನಿನಗೆ ಹೇಳ್ತಾರೆ. ಬೇರೆಯವರು ಬೇಡ ಅಂದ ಪಟ್ಟೀನ ಹುಟ್ಟಿದ ಹಬ್ಬಕ್ಕೆ ಕೊಟ್ಟ ಅಂತ ನೀನು ಸಾಯೋವರೆಗೂ ಆಡ್ಕೋತೀಯ.”

ಇನ್ಸ್‌ಪೆಕ್ಟರ್ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂದು ಪತ್ತೇದಾರಕ್ಕನಿಗೆ ಗೊತ್ತಾಯಿತು. ಅವಳು ನಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಹತ್ತು ಜನರೆದುರು ದೊಡ್ಡಮ್ಮನ ಅಳಿಯ, ಈ ಕೇಸಿನ ಒಬ್ಬನೇ ಸಾಕ್ಷಿ, ಹೇಳಿದ್ದ ಒಂದು ಮಾತನ್ನು ಅವಳ ಮನಸ್ಸು ಹಿಡಿದುಕೊಂಡಿತ್ತು.

“ಇನ್ಸ್‌ಪೆಕ್ಟರೇ, ಆ ಕೋಣೆಗೆ ಹಾಕಿದ ಸೀಲ್ ಇನ್ನೂ ಹಾಗೇ ಇದೆಯಾ?”

“ಅವತ್ತು ಪಕ್ಕದ ಮನೆಯವರು ಕೂಗು ಕೇಳಿ ಓಡಿ ಬಂದ್ರು. ಅವರ ಹಿಂದೇನೇ ನಮ್ಮವರು ಬಂದ್ರು. ಆಗ ಹಾಕಿದ್ದು. ಯಾರೂ ಮುಟ್ಟಿಲ್ಲ.”

“ಹಾಗಾದ್ರೆ ಅಳಿಯಂದಿರನ್ನ ಅಲ್ಲಿಗೆ ಕರೆಸಿ. ಏನು ನೋಡಿದ್ರು ಅಂತ ಆ ಜಾಗದಲ್ಲೇ ನಿಂತು ಇನ್ನೊಂದು ಸಲ ಹೇಳ್ಲಿ.”

*

ದೊಡ್ಡಮ್ಮನ ಕೋಣೆ ಮಹಡಿಯ ಮೇಲಿತ್ತು. ಮೆಟ್ಟಿಲು ಮುಗಿದ ಕಡೆ ಉದ್ದನೆಯ ಓಣಿ, ಓಣಿಯ ಕೊನೆಗೆ ಕೋಣೆಯ ಬಾಗಿಲು, ಬಾಗಿಲಿಗೆ ನೇರ ಎದುರಾಗಿ ಗೋಡೆಯುದ್ದದ ಕಂದು ಮರದ ವಾರ್ಡ್‌ರೋಬು. ಕಿಟಕಿಗೆ ದಪ್ಪ ಪರದೆ ಇದ್ದುದರಿಂದ ಹಾಡಹಗಲಿನಲ್ಲೂ ಒಳಗೆ ಮಬ್ಬು.

ಅಳಿಯ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ದೊಡ್ಡ ಹೊಟ್ಟೆಯ, ಸಣ್ಣ ಮೀಸೆಯ ಮನುಷ್ಯ. ಎಡಗೆನ್ನೆ ಸ್ವಲ್ಪ ಊದಿಕೊಂಡಿತ್ತು. ಅವನ ಹಿಂದೆ ಹೆಂಡತಿ, ಅಂದರೆ ದೊಡ್ಡಮ್ಮನ ಸಾಕುಮಗಳು. ಕಡ್ಡಿಯಂಥ ಮೈ. ಆಸ್ಪತ್ರೆಯಿಂದ ನೇರ ಬಂದಿದ್ದಳು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಇಬ್ಬರೂ ಪಕ್ಕದ ಬೀದಿಯಲ್ಲಿ ಬೇರೆ ಸಂಸಾರ ಹೂಡಿದ್ದರು.

“ಅಕ್ಕಾ, ನಿಮ್ಮ ತಮ್ಮ ಅಂಥವರಲ್ಲ ಅಂತ ನಾನು ಇವರಿಗೆ ಎಷ್ಟು ಸಲ ಹೇಳಿದ್ದೀನೋ,” ಎಂದು ಪತ್ತೇದಾರಕ್ಕನ ಕೈ ಹಿಡಿದುಕೊಂಡಳು.

“ನೀನು ಸುಮ್ನಿರು,” ಎಂದ ಅಳಿಯ. “ಕಣ್ಣಾರೆ ಕಂಡವನು ನಾನು.”

ಇನ್ಸ್‌ಪೆಕ್ಟರ್ ಸೀಲ್ ಒಡೆದು ಕೋಣೆಯ ಬಾಗಿಲು ತೆರೆದ. ವಾರ್ಡ್‌ರೋಬಿನ ಬಾಗಿಲುಗಳು ಮುಚ್ಚಿದ್ದವು.

“ಎಲ್ಲಿ ನಿಂತಿದ್ರಿ?” ಕೇಳಿದಳು ಪತ್ತೇದಾರಕ್ಕ.

“ಇಲ್ಲೇ, ಓಣೀಲಿ. ಆಗ್ಲೇ ಕತ್ತಲಾಗ್ತಾ ಇತ್ತು. ಅತ್ತೇನ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ. ನೋಡ್ತೀನಿ, ವಾರ್ಡ್‌ರೋಬ್ ತೆಗೆದಿದೆ, ನಿಮ್ಮ ತಮ್ಮ ಅದರೊಳಗೆ ಕೈ ಹಾಕಿ ಕೆದಕ್ತಾ ಇದ್ದಾನೆ. ಕೈಯಲ್ಲಿ ಸರ! ಹಿಂದಿನಿಂದ ಅತ್ತೆ ಕೂಗ್ತಾ ಬಂದ್ರು. ನನಗೆ ಕೈಕಾಲೇ ಬರ್ಲಿಲ್ಲ. ಜನ ಕರ್ಕೊಂಡು ಬರೋಣ ಅಂತ ಕೆಳಗೆ ಓಡಿದೆ.”

“ಕತ್ತಲಾಗ್ತಿತ್ತು ಅಂದ್ರಿ. ಅಷ್ಟು ದೂರದಿಂದ ಕೈಯಲ್ಲಿರೋ ಸರ ಕಾಣಿಸ್ತಾ?”

ಅಳಿಯ ಈ ಪ್ರಶ್ನೆಗೇ ಕಾದಿದ್ದವನಂತೆ ನಕ್ಕ. “ಅದೇ ಮೇಡಂ ಮಜಾ. ಅವನು ಹಾಕಿದ ಲೈಟೇ ಅವನನ್ನ ಹಿಡ್ಕೊಡ್ತು. ಹಾಲು ಚೆಲ್ಲಿದ ಹಾಗೆ ಬಿಳೀ ಬೆಳಕು! ಕಣ್ಣು ಕೋರೈಸ್ತು. ಒಂದೊಂದು ಮುತ್ತೂ ಎಣಿಸಬಹುದಿತ್ತು.”

“ಬಿಳೀ ಬೆಳಕು. ಹಳದಿ ಅಲ್ಲ?”

“ಅಪ್ಪಟ ಬಿಳಿ. ಆಪರೇಷನ್ ಥಿಯೇಟರಲ್ಲಿ ಇರತ್ತಲ್ಲ, ಹಾಗೆ.”

ದೊಡ್ಡಮ್ಮನಿಗೂ ಅದೇ ಹೋಲಿಕೆ ಹೊಳೆದಿತ್ತು. ಇಬ್ಬರೂ ನೋಡಿದ್ದು ಒಂದೇ ಬೆಳಕನ್ನು. ಪತ್ತೇದಾರಕ್ಕ ಇನ್ಸ್‌ಪೆಕ್ಟರನ ಕಡೆ ತಿರುಗಿದಳು. ಅವನು ಮುಂದೆ ಹೋಗಿ ವಾರ್ಡ್‌ರೋಬಿನ ಎರಡೂ ಬಾಗಿಲನ್ನು ಅಗಲಕ್ಕೆ ತೆರೆದ.

ಒಳಗೆ ತಾನಾಗಿಯೇ ಬೆಳಕಾಯಿತು. ಜೇನಿನ ಬಣ್ಣದ ಮೆತ್ತನೆ ಬೆಳಕು. ಸಾಲಾಗಿ ತೂಗುಹಾಕಿದ್ದ ಬಟ್ಟೆಗಳ ಮೇಲೆ ಇಳಿಬಿಸಿಲು ಬಿದ್ದಂತೆ ಹರಡಿಕೊಂಡಿತು.

ಎಲ್ಲರ ಕಣ್ಣೂ ಅಳಿಯನ ಕಡೆ ತಿರುಗಿದವು.

“ಇದು… ಇದು ಆಮೇಲೆ ಯಾರೋ ಬದಲಾಯಿಸಿರಬೇಕು,” ಎಂದ ಅಳಿಯ.

“ಯಾವಾಗ? ದೊಡ್ಡಮ್ಮ ಕೂಗಿದ ಕೂಡಲೇ ಪಕ್ಕದ ಮನೆಯವರು ಬಂದ್ರು. ಅವರ ಬೆನ್ನಿಗೇ ಪೊಲೀಸರು. ಅವತ್ತಿಂದ ಸೀಲ್. ಒಂದು ಪಟ್ಟಿ ಕಿತ್ತು, ಜಾಗ ಒರೆಸಿ, ಇನ್ನೊಂದು ಅಂಟಿಸಿ, ತಂತಿ ಸೇರಿಸೋಕೆ ಎಷ್ಟು ಹೊತ್ತು ಬೇಕು ಗೊತ್ತಾ?”

“ಹಾಗಾದ್ರೆ ನನಗೆ ಬಿಳಿ ಥರ ಕಂಡಿರಬಹುದು. ಗಾಬರೀಲಿ…”

“ಈಗ ತಾನೇ ಅಪ್ಪಟ ಬಿಳಿ ಅಂದ್ರಿ.”

ಅವಳು ಚೀಲದಿಂದ ಪಟ್ಟಿಯನ್ನು ತೆಗೆಯುವಂತೆ ಇನ್ಸ್‌ಪೆಕ್ಟರಿಗೆ ಹೇಳಿದಳು. ಅವನು ಅದನ್ನು ಹಳದಿ ಪಟ್ಟಿಯ ಪಕ್ಕಕ್ಕೆ ಹಿಡಿದ. ಮೇಲಿನ ತುದಿಯೂ ಕೆಳಗಿನ ತುದಿಯೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಸರಿಹೊಂದಿದವು. ಮೇಲ್ಗಡೆ, ಹಳದಿ ಪಟ್ಟಿಯ ಅಂಚಿಗೆ, ಪಾಲಿಶ್ ಎದ್ದುಬಂದ ಒಂದು ಸಣ್ಣ ಜಾಗವಿತ್ತು. ಬಿಳಿ ಪಟ್ಟಿಯ ಅಂಟಿನಲ್ಲಿ ಕೂತಿದ್ದ ಉಗುರಿನಷ್ಟು ಚಕ್ಕೆ ಅದರ ಆಕಾರಕ್ಕೆ ಸರಿಯಾಗಿತ್ತು.

“ನೀವು ಸುಳ್ಳು ಹೇಳ್ತಿಲ್ಲ,” ಎಂದಳು ಪತ್ತೇದಾರಕ್ಕ. ಅಳಿಯನ ಮುಖದಲ್ಲಿ ಒಂದು ಗಳಿಗೆ ಆಸೆ ಮೂಡಿತು. “ಬಿಳಿ ಬೆಳಕನ್ನ ನಿಜವಾಗ್ಲೂ ನೋಡಿದ್ದೀರಿ. ಆದ್ರೆ ಅದು ಈ ವಾರ್ಡ್‌ರೋಬಲ್ಲಿ ಇದ್ದಿದ್ದು ಬೆಳಿಗ್ಗೆ ಮಾತ್ರ, ಅದೂ ಸ್ವಲ್ಪ ಹೊತ್ತು. ಬೆಳಿಗ್ಗೆ ಇಲ್ಲೇನು ಮಾಡ್ತಿದ್ರಿ? ಆಫೀಸಲ್ಲಿದ್ದೆ ಅಂತ ಹೇಳಿದ್ರಲ್ಲ?”

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ವಾರ್ಡ್‌ರೋಬಿನ ಕಡೆಗಾಗಲಿ ಅವನ ಕಡೆಗಾಗಲಿ ನೋಡದೆ ನೆಲ ನೋಡುತ್ತಿದ್ದಳು.

“ಸರ ನಾನೇ ತಗೊಂಡಿದ್ದೆ,” ಎಂದ ಕೊನೆಗೆ. “ಹೋದ ತಿಂಗಳೇ. ಅತ್ತೆ ಅದನ್ನ ಹಾಕ್ಕೊಳ್ಳೋದೇ ಇಲ್ಲ, ಗೊತ್ತಾಗಲ್ಲ ಅಂದ್ಕೊಂಡೆ. ಲೈಟ್ ಹಾಕಿಸ್ತೀನಿ, ವಾರ್ಡ್‌ರೋಬ್ ಪೂರ್ತಿ ಖಾಲಿ ಮಾಡ್ಬೇಕು ಅಂದ್ರು ನೋಡಿ, ಎದೆ ಧಸಕ್ಕಂತು. ಖಾಲಿ ಮಾಡಿದ್ರೆ ಸರದ ಡಬ್ಬಿ ಕೈಗೆ ಸಿಗತ್ತೆ. ವಾಪಸ್ ಇಟ್ಬಿಡೋಣ ಅಂತ ಬೆಳಿಗ್ಗೆ ಹಿಂದಿನ ಬಾಗಿಲಿಂದ ಬಂದೆ. ಅಷ್ಟರಲ್ಲಿ ಇವರ ತಮ್ಮ ಕೆಲಸ ಶುರು ಮಾಡಿದ್ದ. ಲೈಟ್ ಉರೀತಾ ಇತ್ತು. ಅತ್ತೆ ದನಿ ಕೇಳಿಸ್ತು. ಓಡ್ಹೋದೆ.”

“ಸಂಜೆ?”

“ಸಂಜೆ ನಾನು ಬಂದೇ ಇಲ್ಲ. ಹಲ್ಲಿನ ಡಾಕ್ಟರ ಹತ್ರ ಇದ್ದೆ.” ಅವನು ಊದಿದ ಕೆನ್ನೆ ಮುಟ್ಟಿಕೊಂಡ. “ದವಡೆ ಹಲ್ಲು ಕೀಳ್ಸಿದೆ. ಬೇಕಾದ್ರೆ ಕೇಳಿ. ಮನೆಗೆ ಬಂದ್ರೆ ಅತ್ತೆ ಬಿದ್ದಿದ್ದಾರೆ ಅಂದ್ರು. ಸರ ಹೇಗೂ ಇಲ್ಲ, ಎಲೆಕ್ಟ್ರಿಷಿಯನ್ ಮೇಲೆ ಹಾಕಿದ್ರೆ ಮುಗೀತಲ್ಲ ಅಂತ… ಅತ್ತೇನ ನಾನು ತಳ್ಳಿಲ್ಲ ಸಾರ್. ದೇವರಾಣೆ.”

ಇನ್ಸ್‌ಪೆಕ್ಟರ್ ಅಲ್ಲಿಂದಲೇ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ. ಕೇಳಿಸಿಕೊಂಡ, ತಲೆಯಾಡಿಸಿದ, ಫೋನ್ ಇಟ್ಟ. “ಹೌದು ಮೇಡಂ. ದೊಡ್ಡಮ್ಮ ಬಿದ್ದಾಗ ಇವರು ಕುರ್ಚಿ ಮೇಲೆ ಬಾಯಿ ತೆಕ್ಕೊಂಡು ಕೂತಿದ್ರು. ತುಂಬಾ ಕಿರುಚಿದ್ರಂತೆ, ಅದಕ್ಕೇ ಡಾಕ್ಟರಿಗೆ ಚೆನ್ನಾಗಿ ನೆನಪಿದೆ.”

ಅಷ್ಟು ಸಾಕಾಗಿತ್ತು. ತಮ್ಮನ ವಿರುದ್ಧ ಇದ್ದದ್ದೇ ಆ ಒಂದು ಸಾಕ್ಷಿ. ಪತ್ತೇದಾರಕ್ಕನಿಗೆ ಎದೆಯ ಮೇಲಿನ ಚಪ್ಪಡಿಕಲ್ಲು ಇಳಿಸಿದಂತಾಯಿತು. ಏನನ್ನಾದರೂ ನೋಡುವ ನೆಪ ಬೇಕೆನಿಸಿ ವಾರ್ಡ್‌ರೋಬಿನೊಳಗೆ ನೋಡುತ್ತ ನಿಂತಳು.

ದೊಡ್ಡಮ್ಮ ಅಚ್ಚುಕಟ್ಟಿನ ಹೆಂಗಸು. ಉದ್ದನೆಯ ಕೋಟು, ಶಾಲು, ನಿಲುವಂಗಿ ಎಲ್ಲವೂ ಬಣ್ಣದ ಪ್ರಕಾರ ತಿಳಿಯಿಂದ ಕಡುವಿಗೆ ಸಾಲಾಗಿದ್ದವು. ನಡುವೆ ಒಂದು ಕಡೆ ಮಾತ್ರ ಬಟ್ಟೆಗಳು ಎರಡೂ ಬದಿಗೆ ಒತ್ತಿಕೊಂಡು, ಗೇಣಗಲಕ್ಕಿಂತ ತುಸು ಹೆಚ್ಚು ಸಂದು ಬಿಟ್ಟುಕೊಂಡಿದ್ದವು. ತಂತಿ ಎಳೆಯಲು ತಮ್ಮ ಸರಿಸಿರಬೇಕು ಎಂದುಕೊಂಡಳು.

ಇನ್ಸ್‌ಪೆಕ್ಟರ್ ಬಾಗಿಲು ಮುಚ್ಚಿದ. ಎರಡು ಬಾಗಿಲುಗಳ ಸಂದಿನಲ್ಲಿ ಹಳದಿ ಗೆರೆಯೊಂದು ಉಳಿಯಿತು.

“ಆರಲ್ವಾ ಇದು?”

“ಸೆನ್ಸರ್ ಮೇಡಂ. ಅಲುಗಾಡಿದ್ರೆ ಹತ್ತತ್ತೆ. ಅಲುಗಾಟ ನಿಂತ್ರೆ ಸ್ವಲ್ಪ ಹೊತ್ತಿಗೆ ತಾನೇ ಆರತ್ತೆ. ಅವತ್ತು ನಾವು ತೆಗೆದು ಮುಚ್ಚಿದಾಗ್ಲೂ ಹೀಗೇ ಆಯ್ತು.”

ಅವನು ಹೇಳಿ ಮುಗಿಸುವಷ್ಟರಲ್ಲಿ ಗೆರೆ ಆರಿತು.

*

ತಮ್ಮ ಠಾಣೆಯ ಮೆಟ್ಟಿಲಿಳಿದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ. ಅಕ್ಕ ಅವನ ತಲೆಗೆ ಒಂದು ಮೊಟಕಿದಳು; ಮೊಟಕಿದ ಕೈಯಲ್ಲೇ ಕೂದಲು ಸರಿಮಾಡಿದಳು.

ಮನೆಗೆ ಬಂದವನೇ ಸ್ನಾನದ ಮನೆ ಹೊಕ್ಕು ಹೊರಗೆ ಬರುವುದನ್ನೇ ಮರೆತ. ಭಾವ ಬಾಗಿಲು ಬಡಿದು, “ಬಾರಯ್ಯಾ, ತಟ್ಟೆ ಹಾಕಿದೆ. ಇಲ್ಲೂ ಬಿಡುಗಡೆ ಆರ್ಡರ್ ಬೇಕಾ?” ಎಂದ.

ಊಟಕ್ಕೆ ಕೂತ ಮೂವರೂ ಎಷ್ಟೋ ದಿನದ ಮೇಲೆ ಹಸಿದು ಉಂಡರು. ಮಾತಿಗಿಂತ ನಗು ಹೆಚ್ಚಾಗಿತ್ತು.

“ಭಾವ, ಒಂದು ಮಾತು ಹೇಳ್ತೀನಿ. ಕಿತ್ತು ಬಿದ್ದ ಲೈಟಿಂದ ನಾನು ಬಚಾವಾದೆ. ಸರಿಯಾಗಿ ಅಂಟಿಸಿದ್ರೆ ಈಗ್ಲೂ ಒಳಗೇ ಇರ್ತಿದ್ದೆ.”

“ಹಾಗಂತ ಇನ್ಮೇಲೆ ಎಲ್ಲಾ ಗಿರಾಕಿಗಳ ಮನೇಲೂ ಹೀಗೇ ಅಂಟಿಸ್ಬೇಡ ಮಾರಾಯ.”

“ನನಗೆ ಹೊಸಾದು ಬೇಕು,” ಎಂದಳು ಅಕ್ಕ. “ಹಳದಿ. ಕೆಳಗಿನ ಅರೆವರೆಗೂ ಬರ್ಬೇಕು. ಅಂಗಡಿಯಿಂದ ತಂದ ಸುರುಳೀನ ನನ್ನೆದುರಿಗೇ ಬಿಚ್ಚಬೇಕು.”

“ಹಾಕ್ತೀನಿ ಕಣೇ. ನಾಳೇನೇ.”

ಫೋನ್ ಬಂತು. ಆಸ್ಪತ್ರೆಯ ನರ್ಸು. ದೊಡ್ಡಮ್ಮನಿಗೆ ಎಚ್ಚರವಾದ ಕೂಡಲೇ ತಿಳಿಸಬೇಕೆಂದು ಪತ್ತೇದಾರಕ್ಕ ಅವಳಿಗೆ ಹೇಳಿಟ್ಟಿದ್ದಳು.

“ಕಣ್ಣು ಬಿಟ್ಟಿದ್ದಾರೆ ಮೇಡಂ. ಡಾಕ್ಟ್ರು ನೋಡಿದ್ರು, ಪ್ರಾಣಕ್ಕೆ ಅಪಾಯ ಇಲ್ಲ ಅಂದ್ರು.”

ಪತ್ತೇದಾರಕ್ಕ ಎಂಜಲು ಕೈಯಲ್ಲೇ ಗಂಡನ ತೋಳು ಹಿಡಿದುಕೊಂಡಳು. “ಬದುಕಿದ್ರು,” ಎಂದಳು. ತಮ್ಮ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ.

“ಏನಾದ್ರೂ ಮಾತಾಡಿದ್ರಾ?”

“ಸರಿಯಾಗಿ ಇಲ್ಲ ಮೇಡಂ. ಒಂದೇ ಮಾತು ಹೇಳ್ತಾ ಇದ್ದಾರೆ. ‘ಲೈಟ್ ಆರಲೇ ಇಲ್ಲ, ಲೈಟ್ ಆರಲೇ ಇಲ್ಲ’ ಅಂತ. ಇಲ್ಲಿ ದೀಪ ಆರಿಸಿ ನೋಡಿದ್ವಿ, ಆದ್ರೂ ಅದನ್ನೇ ಹೇಳ್ತಾರೆ.”

ಪತ್ತೇದಾರಕ್ಕ ಆ ಮಾತನ್ನು ಗಟ್ಟಿಯಾಗಿ ಮನೆಯವರಿಗೆ ಹೇಳಿದಳು. ತಮ್ಮ ಕಣ್ಣೊರೆಸುತ್ತಲೇ ನಕ್ಕುಬಿಟ್ಟ.

“ಅಯ್ಯೋ ದೊಡ್ಡಮ್ಮಾ! ಆ ಕಂಪ್ಲೇಂಟ್ ಇನ್ನೂ ಬಿಟ್ಟಿಲ್ವಾ? ಅದು ನನ್ನ ತಪ್ಪೇ ಕಣೇ. ಕೆಲಸ ಮುಗಿಸಿ, ಅವರು ಬಟ್ಟೆ ಎಲ್ಲಾ ಜೋಡಿಸಿ, ಬಾಗಿಲು ಹಾಕಿ, ಇಬ್ರೂ ಕೆಳಗೆ ಟೀ ಕುಡಿಯೋಕೆ ಹೋದ್ವಿ. ಸಾಮಾನು ತಗೊಳ್ಳೋಕೆ ವಾಪಸ್ ಹೋದ್ರೆ ಬಾಗಿಲ ಸಂದೀಲಿ ಲೈಟ್ ಉರೀತಾನೇ ಇದೆ. ನಾನು ಡ್ರಿಲ್ಲು, ತಂತಿ ಎಲ್ಲಾ ತುಂಬ್ಕೊಂಡೆ, ಆ ಬಾಗಿಲಿಗೇ ಒರಗಿ ನಿಂತು ಬೂಟು ಹಾಕ್ಕೊಂಡೆ, ಆಗ್ಲೂ ಆರ್ಲಿಲ್ಲ. ದೊಡ್ಡಮ್ಮ ‘ಏನಪ್ಪಾ ಇದು’ ಅಂದ್ರು. ಸೆನ್ಸರ್ ಕೆಟ್ಟಿರಬೇಕು, ನಾಳೆ ಬೇರೆ ತಂದು ಹಾಕ್ತೀನಿ ಅಂದು ಬಂದೆ.”

ಪತ್ತೇದಾರಕ್ಕ ನಗಲಿಲ್ಲ. “ಬಟ್ಟೆ ಜೋಡಿಸಿದ್ದು ಯಾರು?”

“ಅವರೇ. ನನ್ನ ಕೈ ಸೋಕೋಕೂ ಬಿಡಲಿಲ್ಲ. ಒಂದೊಂದಕ್ಕೂ ಸಮ ಜಾಗ ಬಿಟ್ಟು, ಅಳತೆಪಟ್ಟಿ ಹಿಡಿದ ಹಾಗೆ ತೂಗುಹಾಕಿದ್ರು.”

“ನಡುವೆ ಸಂದು ಬಿಟ್ಟಿದ್ರಾ?”

“ಛೇ. ಒಂದು ಬೆರಳು ಹೆಚ್ಚುಕಮ್ಮಿ ಆದ್ರೂ ಅವರಿಗೆ ನಿದ್ದೆ ಬರಲ್ಲ.”

“ಆ ಸೆನ್ಸರ್ ಕೆಟ್ಟಿಲ್ಲ ಕಣೋ,” ಎಂದಳು ಅವಳು ನಿಧಾನವಾಗಿ. “ನಾನು ಇವತ್ತು ನೋಡ್ದೆ. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಆರಿತು. ಪೊಲೀಸರು ತೆಗ್ದಾಗ್ಲೂ ಆರಿತಂತೆ.”

ತಮ್ಮನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಲುಗಾಟವಿದ್ದರೆ ಮಾತ್ರ ಉರಿಯುವ ದೀಪ. ಮುಚ್ಚಿದ ಬಾಗಿಲು. ಆರದ ಬೆಳಕು. ಅವನ ಕೈ ತಾನಾಗಿಯೇ ಬೆನ್ನಿನ ಕಡೆ ಹೋಯಿತು. ಆ ಬಾಗಿಲಿಗೆ ಒರಗಿದ್ದ ಜಾಗವದು.

“ಬೆಕ್ಕೇನಾದ್ರೂ…” ಎಂದ ಭಾವ.

“ಬೆಕ್ಕಿಗೆ ಕೋಟುಗಳನ್ನ ಎರಡೂ ಕಡೆ ಸರಿಸಿ ನಿಂತ್ಕೊಳ್ಳೋ ಜಾಗ ಬೇಕಾಗಲ್ಲ.”

ಪತ್ತೇದಾರಕ್ಕನ ಕಣ್ಣ ಮುಂದೆ ಆ ಸಂದು ಮತ್ತೆ ಬಂದು ನಿಂತಿತು. ಗೇಣಗಲಕ್ಕಿಂತ ತುಸು ಹೆಚ್ಚು. ಅಳಿಯನ ಹೊಟ್ಟೆಯ ಮಾತು ಬಿಡಿ, ತಮ್ಮನ ಹೆಗಲೂ ಅದರಲ್ಲಿ ಹಿಡಿಸುತ್ತಿರಲಿಲ್ಲ. ತೀರ ಸಣ್ಣ ಮೈಯವರು ಮಗ್ಗುಲಾಗಿ ನಿಂತರೆ ಮಾತ್ರ ಸಾಧ್ಯ.

ಫೋನ್ ಇನ್ನೂ ಕೈಯಲ್ಲೇ ಇತ್ತು, ನರ್ಸ್ ಇನ್ನೂ ಲೈನಿನಲ್ಲಿದ್ದಳು.

“ಸಿಸ್ಟರ್, ದೊಡ್ಡಮ್ಮ ಆ ಮಾತು ಹೇಳಿದಾಗ ಹತ್ತಿರ ಯಾರಿದ್ರು?”

“ಮಗಳಿದ್ರು ಮೇಡಂ. ಕೇಳಿಸ್ಕೊಂಡ್ರು. ಆಮೇಲೆ ಎದ್ದು ಹೋದ್ರು.”

“ಎಲ್ಲಿಗೆ?”

“ಅವರಮ್ಮನ ಮನೆಗೆ. ಕೋಣೆ ಸೀಲ್ ತೆಗೆದಿದ್ದಾರಲ್ಲ, ಅಮ್ಮನಿಗೆ ಹಾಕ್ಕೊಳ್ಳೋಕೆ ಬಟ್ಟೆ ಬೇಕು, ವಾರ್ಡ್‌ರೋಬಿಂದ ತಗೊಂಡು ಬರ್ತೀನಿ ಅಂದ್ರು.”